ಗುಬ್ಬಿತಾಯಿಯ ಕಾಗುಣಿತ

ಧಾರವಾಡ
ಫೆಬ್ರವರಿ ೩೦, ೨೧೧೭

ಮುತ್ತಜ್ಜಿ ಶೈಲಶ್ರೀಯವರಿಗೆ ಮರಿಮಗಳು ತಾರಿಣಿಯ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮ ಕಾಲದಲ್ಲಿ ಫೆಬ್ರವರಿಗೂ ನ್ಯಾಯ ಸಿಕ್ಕಿದೆ. ನೀವಿನ್ನೂ ತರುಣಿ, ನಾನು ನಲವತ್ತು ದಾಟಿದವಳು. ಆದರೂ ನಿಮ್ಮನ್ನು ಬೇರೇನೆಂದು ಕರೆಯಲಿ? ನನ್ನ ಪತ್ರದಲ್ಲಿ ನಿಮಗೆ ಗೊತ್ತಿಲ್ಲದ ಪದ ನುಸುಳಿದರೆ ಕ್ಷಮಿಸಿ. ನಿಮ್ಮದೊಂದು ಪದ ನಮ್ಮನ್ನು ಪಡಿಸುತ್ತಿರುವ ಪಾಡಿನ ಮುಂದೆ ಅದು ಏನೂ ಅಲ್ಲ.

ಈಗ ನಿಮ್ಮ ಮಡಿಲಲ್ಲಿ ಮೊಬೈಲ್‌ಗಾಗಿ ಹಟ ಹಿಡಿದಿರುವ ಮಗಳು ಇಂಚರಾ ನನ್ನ ಅಜ್ಜಿ. ಅವರಿಗೆ ತೊಂಬತ್ತಾರು ವರ್ಷ, ಹಾಸಿಗೆ ಹಿಡಿದಿದ್ದಾರೆ. ಔಷಧ ಬೇಡ, ಅಂಬಲಿ ಬೇಡ, ಒಮ್ಮೆ ತಾಯಿಯ ದನಿ ಕೇಳಬೇಕು ಎನ್ನುತ್ತಾರೆ. ನೀವು ಅವರನ್ನು ಮಲಗಿಸುವಾಗ ಹೇಳಿದ ಕಥೆಗಳನ್ನು ರೆಕಾರ್ಡ್ ಮಾಡಿ, ಹಾರ್ಡ್ ಡಿಸ್ಕಿಗೆ ಹಾಕಿ, ಬೀರುವಿನಲ್ಲಿ ರೇಷ್ಮೆ ಸೀರೆಗಳ ನಡುವೆ ನುಸಿಗುಳಿಗೆ ಸಮೇತ ಇಟ್ಟಿರಿ. ಸೀರೆಗೆ ನುಸಿ ಹಿಡಿಯಲಿಲ್ಲ, ಡಿಸ್ಕಿಗೆ ಮರೆವು ಹಿಡಿಯಿತು. ಇನ್ನೊಂದು ಪ್ರತಿ ನೀವು ಕ್ಲೌಡ್ ಎನ್ನುವ ಮೋಡದಲ್ಲಿತ್ತಂತೆ; ಆ ಮೋಡ ಒಂದು ಹನಿಯನ್ನೂ ಉದುರಿಸದೆ ಚದುರಿಹೋಯಿತು. ನಿಮ್ಮ ಬಳಗದವರು ದಿನಾ ಕಳಿಸುತ್ತಿದ್ದ ಶುಭೋದಯದ ಗುಲಾಬಿಗಳು ಮಾತ್ರ ಎಲ್ಲ ಕಡೆಯೂ ಬಾಡದೆ ಉಳಿದಿವೆ.

ನಮ್ಮಲ್ಲಿ ಕಡತಗಿತ್ತಿಯರಿದ್ದಾರೆ. ಸೂಲಗಿತ್ತಿ ಕೂಸನ್ನು ತೆಗೆದ ಹಾಗೆ ಹಳೆಯ ಡಿಸ್ಕುಗಳೊಳಗಿಂದ ಕಡತ ಹೊರತೆಗೆಯುವವರು. ನಮ್ಮ ಓಣಿಯ ಕಡತಗಿತ್ತಿ ರೇಣವ್ವ ನಿಮ್ಮ ಡಿಸ್ಕನ್ನು ಎಳೆಬಿಸಿಲಿನಲ್ಲಿ ಕಾಯಿಸಿ, ಕಿವಿಗೊಟ್ಟು, "ಕೂಸು ಜೀವಂತ ಐತ್ರೀ, ಆದ್ರ ಕದಾ ತಗೀವಲ್ದು" ಎಂದಳು. ಕದಕ್ಕೆ ನೀವು ಹಾಕಿದ ಪಾಸ್‌ವರ್ಡ್ ಇದೆ. ಮರೆತವರಿಗೆಂದು ನೀವೇ ಇಟ್ಟ ಸುಳಿವೂ ಇದೆ: "ನಾನು ಮಗಳನ್ನು ಏನೆಂದು ಕರೆಯುತ್ತೇನೆ?"

ಅಜ್ಜಿ ಮಲಗಿದಲ್ಲಿಂದಲೇ, "ಗುಬ್ಬಿತಾಯಿ! ಇಷ್ಟಕ್ಕ ಇಷ್ಟ್ಯಾಕ ಒದ್ದಾಡ್ತೀರಿ?" ಎಂದರು.

ಒದ್ದಾಟ ಶುರುವಾದದ್ದೇ ಆಗ. ಕನ್ನಡದಲ್ಲಿ ಗುಬ್ಬಿತಾಯಿಗೆ ನಾಲ್ಕೇ ಅಕ್ಷರ. ನೀವೋ ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಜನ! ಗುಬ್ಬಿಗೆ ಒಂದು ಯೂ ಕೊಟ್ಟಿರೋ, ಎರಡು ಓ ಕೊಟ್ಟಿರೋ? ತಾಯಿಯ ತಕಾರಕ್ಕೆ ಹೆಚ್ ಅಂಟಿಸಿದಿರೋ ಇಲ್ಲವೋ? ಕೊನೆಯಲ್ಲಿ ವೈ ಇದೆಯೋ? ವೈ ಎಂದು ಕೇಳಿದರೆ ಉತ್ತರಿಸಲು ನೀವಿಲ್ಲ. ಹಳೆಯ ಇಂಗ್ಲಿಷಿನಲ್ಲಿ ಎಂ.ಎ. ಮಾಡಿದ ನಮ್ಮ ಕಾಕಾ ಎದೆಯುಬ್ಬಿಸಿ ಬಂದು ವ್ಯಾಕರಣಬದ್ಧವಾಗಿ ಒತ್ತಿ, ವ್ಯಾಕರಣಬದ್ಧವಾಗಿಯೇ ಸೋತರು. "ನೀ ಪಾಸಾದಿ, ನನ್ನ ಗುಬ್ಬಿ ಫೇಲಾತು ನೋಡಪಾ" ಎಂದು ಅಜ್ಜಿ ನಕ್ಕರು. ಮತ್ತೆ ಯಾರೂ ನಗಲಿಲ್ಲ. ಮನೆಮಂದಿಯೆಲ್ಲ ತಮ್ಮ ತಮ್ಮ ಗುಬ್ಬಿಯನ್ನು ಹಾರಿಸಿ ನೋಡಿಯಾಗಿದೆ. ಈಗ ಉಳಿದಿರುವುದು ಒಂದೇ ಅವಕಾಶ. ಅದೂ ತಪ್ಪಿದರೆ ಡಿಸ್ಕ್ ತನ್ನನ್ನು ತಾನೇ ಅಳಿಸಿಕೊಳ್ಳುತ್ತದೆ.

ಉಳಿಸು, ಅಳಿಸು: ನಡುವೆ ಒಂದೇ ಸ್ವರದ ಅಂತರ. ಆ ಡಿಸ್ಕ್ ಅಳಿಸಿದರೆ ನಮ್ಮ ಅಜ್ಜಿಯನ್ನೂ ಅಳಿಸುತ್ತದೆ. ಶ್ಲೇಷೆ ಮಾಡುತ್ತಿದ್ದೇನೆಂದು ಬೈಯಬೇಡಿ, ಹೆದರಿದಾಗ ನನ್ನ ನಾಲಿಗೆ ಹೀಗೆಯೇ ಹೊರಳುತ್ತದೆ.

ಕೊನೆಯ ಸಲ ತಾನೇ ಒತ್ತುತ್ತೇನೆಂದು ಅಜ್ಜಿ ಹಟ ಹಿಡಿದಿದ್ದಾರೆ. "ಹೆಸರು ನಂದು, ಅವ್ವ ನಮ್ಮಾಕಿ, ನಡುವ ನಿಮ್ಮದೇನು?" ಎನ್ನುತ್ತಾರೆ. ನಾಳೆ ಬೆಳಿಗ್ಗೆ ಎಂದು ನಿಗದಿಯಾಗಿದೆ. ಆದರೆ ಅವರ ಬೆರಳು ನಡುಗುತ್ತದೆ ಮುತ್ತಜ್ಜಿ. ಸರಿಯಾದ ಅಕ್ಷರ ಗೊತ್ತಿದ್ದರೂ ಪಕ್ಕದ್ದಕ್ಕೆ ತಗುಲೀತು.

ಆದ್ದರಿಂದ ಬೇಡುತ್ತೇನೆ. ಕಥೆಗಳ ಇನ್ನೊಂದು ಪ್ರತಿ ಮಾಡಿ ತಂಗಿಯ ಮನೆಯಲ್ಲಿಡಿ. ಡಿಸ್ಕನ್ನು ವರ್ಷಕ್ಕೊಮ್ಮೆಯಾದರೂ ತೆರೆದು ನೋಡಿ. ಹಳತಾದಾಗ ಹೊಸದಕ್ಕೆ ವರ್ಗಾಯಿಸಿ. ಇದೆಲ್ಲ ಆಗದಿದ್ದರೂ ಚಿಂತೆಯಿಲ್ಲ, ಇವತ್ತೇ ಎದ್ದು ಆ ಪಾಸ್‌ವರ್ಡನ್ನೊಂದು ತೆಗೆದುಬಿಡಿ. ನಿಮ್ಮ ಕಥೆಗಳನ್ನು ಯಾವ ಕಳ್ಳ ಕದಿಯುತ್ತಾನೆ? ಬೀಗವಿಲ್ಲದಿದ್ದರೆ, ನಾಳೆ ಆ ನಡುಗುವ ಬೆರಳು ಎಲ್ಲಿ ತಗುಲಿದರೂ ನೀವು ಮಾತಾಡುತ್ತೀರಿ.