ಕುದಿಸಿದ ಕಲ್ಲು

ಜೂನ್ 3, ಬೆಳಗ್ಗೆ

ಮೀನಿನ ತೊಟ್ಟಿ ಅರ್ಧ ಖಾಲಿ ಮಾಡಿದೆ. ಪೈಪು ಬಾತ್‌ರೂಮಿನ ತನಕ ಮುಟ್ಟುವುದಿಲ್ಲ, ಬಕೆಟ್ಟಿನಲ್ಲೇ ಹೊರಬೇಕು. ಹೊರುತ್ತೇನೆ. ಇಷ್ಟು ವರ್ಷ ಹೊತ್ತವಳೂ ನಾನೇ ತಾನೆ? ನನ್ನ ಗಂಡ ಮೀನು ಸಾಕಿದರು, ನಾನು ನೀರು ಹೊತ್ತೆ. ಮನೆಗೆ ಬಂದವರು ಹೊಗಳಿದ್ದು ಅವರನ್ನು.

ಅವರು ತೀರಿಹೋಗಿ ವರ್ಷವಾಯಿತು. ಅವರ ಗೋಲ್ಡ್‌ಫಿಶ್‌ಗಳೆಲ್ಲ ನಿನ್ನೆ ನಾದಿನಿಯ ಮನೆ ಸೇರಿದವು. ಮೂತಿ ಊದಿಸಿಕೊಂಡೇ ಒಯ್ದಳು.

"ಅಣ್ಣನ ಮೀನನ್ನೇ ಮನೆಯಿಂದ ಆಚೆ ಹಾಕಿದ್ಯಲ್ಲ ಅತ್ತಿಗೆ!"

"ಆಚೆ ಹಾಕಿಲ್ಲ. ನಿನ್ನ ಮನೆಗೆ ಕಳಿಸಿದ್ದೀನಿ. ಫಿಲ್ಟರ್ ಸಮೇತ."

"ಈ ತೊಟ್ಟೀಲಿ ಏನು ಮಾಡ್ತೀಯ ಮತ್ತೆ?"

"ಸಮುದ್ರದ ಮೀನು. ಉಪ್ಪುನೀರು."

ನಕ್ಕಳು. ಥೇಟ್ ಅಣ್ಣನ ನಗು. "ಅಣ್ಣ ಹೇಳ್ತಿದ್ದದ್ದು ಮರೆತೋಯ್ತಾ?"

ಮರೆಯುವುದು ಹೇಗೆ. ನಾನು ಆಸ್ಪತ್ರೆಯ ಸ್ಟೆರಿಲೈಸೇಶನ್ ರೂಮಿನವಳು. ಕತ್ತರಿ, ಚಿಮಟ, ಟ್ರೇ... ಎಲ್ಲವನ್ನೂ ಹಬೆಯಲ್ಲಿ ಬೇಯಿಸಿ, ಒಂದು ಕ್ರಿಮಿಯೂ ಉಳಿಯದಂತೆ ಮಾಡುವುದೇ ನನ್ನ ಕೆಲಸ. ಅವರಿಗೆ ಅದೇ ತಮಾಷೆ. ಬಂದವರೆದುರೆಲ್ಲ— "ಇವಳ ಕೈಗೆ ಸಿಕ್ಕಿದ್ದು ಏನೂ ಬದುಕಲ್ಲ ಕಣ್ರೀ." ಎಲ್ಲರೂ ಗೊಳ್ಳೆಂದು ನಗುವುದು. ನಮಗೆ ಮಕ್ಕಳಿಲ್ಲ. ಆ ಮಾತು ಎಲ್ಲಿ ಚುಚ್ಚುತ್ತದೆ ಎಂದು ಅವರಿಗೆ ಗೊತ್ತಿರಲಿಲ್ಲವೆ? ಗೊತ್ತಿತ್ತು. ಆದರೂ ಹೇಳುತ್ತಿದ್ದರು.

ನೋಡೇಬಿಡೋಣ. ಈ ಕೈಯಲ್ಲಿ ಬದುಕುತ್ತದೋ ಇಲ್ಲವೋ.

ಜೂನ್ 8

ಉಪ್ಪು ಕಲಸಿದೆ. ಅಡುಗೆ ಉಪ್ಪಲ್ಲ, ತೊಟ್ಟಿಗೆಂದೇ ಮಾರುವ ಸಮುದ್ರದ ಉಪ್ಪು. ಅಳೆಯಲು ಸಣ್ಣ ಗಾಜಿನ ಕೊಳವೆ ಕೊಟ್ಟಿದ್ದಾನೆ ಅಂಗಡಿಯವನು. ಅವನಿಗೆ ಮೀನಪ್ಪ ಎಂದು ನಾನೇ ಹೆಸರಿಟ್ಟಿದ್ದೇನೆ. ಮಾತಿಲ್ಲದಾಗಲೂ ಬಾಯಿ ತೆರೆದು ಮುಚ್ಚುತ್ತಿರುತ್ತಾನೆ ಪುಣ್ಯಾತ್ಮ.

"ಸಿಹಿನೀರಲ್ಲಿ ಕಲಿತದ್ದೆಲ್ಲ ಮರೆತುಬಿಡಿ," ಎಂದ. "ಇಲ್ಲಿ ಮೊದಲು ಕಲ್ಲು, ಆಮೇಲೆ ಮೀನು. ಜೀವಂತ ಕಲ್ಲು ತರಿಸ್ತೀನಿ."

ಕಲ್ಲಿಗೂ ಜೀವವಂತೆ. ವ್ಯಾಪಾರದವರ ಮಾತು ಎಂದುಕೊಂಡೆ.

ಜೂನ್ 14, ಸಂಜೆ

ಕಲ್ಲು ಬಂತು. ಒದ್ದೆ ಪೇಪರಿನಲ್ಲಿ ಸುತ್ತಿದ್ದ. ಬಿಚ್ಚಿದರೆ ವಾಸನೆ! ಲೋಳೆ, ಪಾಚಿ, ಸಂದಿಯಲ್ಲಿ ಹುಳ. ಥೂ. ಇದನ್ನು ಹೀಗೇ ನೀರಿಗೆ ಹಾಕುವುದೆ? ಬ್ರಷ್ ಹಾಕಿ ಉಜ್ಜಿದೆ. ದೊಡ್ಡ ಪಾತ್ರೆಯಲ್ಲಿ ಚೆನ್ನಾಗಿ ಕುದಿಸಿದೆ. ಮತ್ತೆ ಉಜ್ಜಿದೆ. ಈಗ ನೋಡಬೇಕು, ಹಲ್ಲಿನ ಹಾಗೆ ಬೆಳ್ಳಗೆ. ತೊಟ್ಟಿಯಲ್ಲಿ ಜೋಡಿಸಿ ದೂರ ನಿಂತು ನೋಡಿದೆ. ಬಲು ಖುಷಿ.

ಜೂನ್ 15

ಮೀನಪ್ಪನಿಗೆ ಫೋನು ಮಾಡಿ ಜಂಬದಿಂದ ಹೇಳಿದೆ.

"ಕುದಿಸಿದ್ರಾ?"

"ಹೂಂ. ಎಷ್ಟು ಗಲೀಜಿತ್ತು ಗೊತ್ತಾ!"

"ಅಯ್ಯೋ ಅಮ್ಮಾ... ನೀವು ದುಡ್ಡು ಕೊಟ್ಟಿದ್ದೇ ಆ ಗಲೀಜಿಗೆ. ಕಲ್ಲೊಳಗಿನ ಕ್ರಿಮಿಗಳೇ ನೀರನ್ನ ಶುದ್ಧ ಇಡೋದು. ಅವಿಲ್ಲದೆ ಮೀನು ಬಿಟ್ರೆ ತನ್ನ ಕೊಳೆಯಲ್ಲಿ ತಾನೇ ಸಾಯುತ್ತೆ. ಇಂಥ ಕಲ್ಲಲ್ಲಿ ವಿಷದ ಜೀವಿಗಳೂ ಇರ್ತವೆ, ಕುದಿಸಿದ ಹಬೆ ಕುಡಿದು ಆಸ್ಪತ್ರೆ ಸೇರಿದವರೂ ಇದ್ದಾರೆ. ನೀವು ಹುಷಾರಾಗಿದ್ದೀರ ತಾನೆ?"

ಹುಷಾರಾಗಿದ್ದೇನೆ. ಕೊಂದವಳು ಯಾವಾಗಲೂ ಹುಷಾರಾಗಿಯೇ ಇರುತ್ತಾಳೆ.

ಇವಳ ಕೈಗೆ ಸಿಕ್ಕಿದ್ದು ಏನೂ—

ಜೂನ್ 29

ಎರಡು ವಾರ ಪೆನ್ನು ಮುಟ್ಟಲಿಲ್ಲ. ಉಜ್ಜಿದ ಮೇಲೂ ಕಲ್ಲಿನ ತೂತುಗಳೊಳಗೆ ಉಳಿದದ್ದೆಲ್ಲ ಕೊಳೆಯುತ್ತಿದೆ. ನೀರಿಗೆ ಕೊಳೆತ ಮೊಟ್ಟೆಯ ವಾಸನೆ. ನಾದಿನಿ ಬಂದಳು. ಸೆರಗು ಮೂಗಿಗೆ ಹಿಡಿದುಕೊಂಡೇ ತೊಟ್ಟಿಯ ಸುತ್ತ ಒಂದು ರೌಂಡು.

"ಕಲ್ಲು ಸಾಕ್ತಾ ಇದ್ದೀಯಾ ಅತ್ತಿಗೆ? ಮೇವು ಏನು ಹಾಕ್ತೀಯ, ಜಲ್ಲಿನಾ?"

ವಾಸನೆ ಹೋಗಲೆಂದು ಕಿಟಕಿ ತೆರೆದೆ. ಅವಳು ಬಿಡಲಿಲ್ಲ.

"ಇದು ಅಣ್ಣ ತಂದ ತೊಟ್ಟಿ. ಅವನ ಮೀನು ನನ್ನ ಮನೇಲಿ ಪ್ಲಾಸ್ಟಿಕ್ ಟಬ್ಬಲ್ಲಿವೆ. ನನಗೆ ಕೊಟ್ಟುಬಿಡು."

ಮೈಯೆಲ್ಲ ಉರಿದುಹೋಯಿತು. ಬಾಯಿಗೆ ಬಂದದ್ದು ಆಡಿಬಿಟ್ಟೆ— "ಆಗಸ್ಟ್ ಕೊನೇ ಭಾನುವಾರ ಬಾ. ಇದರಲ್ಲಿ ಮೀನು ಓಡಾಡ್ತಾ ಇಲ್ದೇ ಇದ್ರೆ ನೀನೇ ಎತ್ಕೊಂಡು ಹೋಗು."

"ಮಾತು ಮಾತೇ?"

"ಮಾತು ಮಾತೇ."

ಅವಳು ಹೋದ ಮೇಲೆ ಕ್ಯಾಲೆಂಡರಿನಲ್ಲಿ ಆ ಭಾನುವಾರಕ್ಕೆ ಗುರುತು ಹಾಕಿದೆ. ಆಡಿದ್ದಾಯಿತು. ಇನ್ನು ಮಾಡಿ ತೋರಿಸಬೇಕು, ಅಷ್ಟೇ.

ಜುಲೈ 2

ಮೀನಪ್ಪನ ಅಂಗಡಿಯ ಹಳೇ ತೊಟ್ಟಿಯಿಂದ ಮುಷ್ಟಿಯಷ್ಟು ಜೀವಂತ ಕಲ್ಲು. ಹೆಪ್ಪು ಹಾಕಿದ ಹಾಗೆ, ಎಂದ. ಇದರಿಂದ ಮಿಕ್ಕ ಸತ್ತ ಕಲ್ಲುಗಳಿಗೂ ಹರಡುತ್ತದಂತೆ. ಈ ಸಲ ಒಂದು ಹುಳವನ್ನೂ ಮುಟ್ಟಲಿಲ್ಲ. ಪೇಪರು ಬಿಚ್ಚಿದೆ, ಇಳಿಸಿದೆ, ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತೆ.

ಜುಲೈ 17

ಗಾಜಿನ ತುಂಬ ಕಂದು ಲೋಳೆ. ಒರೆಸಬಾರದಂತೆ. ನನಗೆ! ಕೈ ತುರಿಸುತ್ತದೆ. ಆ ತುರಿಕೆ ತೀರಿಸಲು ಅಡುಗೆಮನೆಯ ಗೋಡೆ ಎರಡು ಸಲ ತೊಳೆದೆ.

ಕೆಲಸದಲ್ಲಿ ಪ್ಯಾಕೆಟ್ಟಿನ ಮೇಲಿನ ಟೇಪು ಕಪ್ಪಾದರೆ ಒಳಗೆ ಏನೂ ಉಳಿದಿಲ್ಲ ಎಂದರ್ಥ. ಮನೆಯಲ್ಲಿ ತೊಟ್ಟಿಯ ನೀರು ಸ್ವಲ್ಪ ತೆಗೆದು ಪರೀಕ್ಷೆಯ ಹನಿ ಹಾಕುತ್ತೇನೆ. ಹಸಿರಾದರೆ ನೀರಲ್ಲಿ ಇನ್ನೂ ವಿಷ. ಹಳದಿಯೇ ಉಳಿದರೆ ಕಲ್ಲು ಬದುಕಿದೆ ಎಂದರ್ಥ. ಇವತ್ತು ಕಡುಹಸಿರು. ಹಗಲೆಲ್ಲ ಕ್ರಿಮಿ ಕೊಂದು, ಸಂಜೆ ಬಂದು ಕ್ರಿಮಿ ಸಾಕುತ್ತೇನೆ. ಹೆಡ್ ನರ್ಸಿಗೆ ಹೇಳಿದರೆ ರಜೆ ಕೊಟ್ಟು ಕಳಿಸುತ್ತಾಳೆ.

ಜುಲೈ 30

ಬೆಳಗ್ಗೆ ನಾದಿನಿಯ ಫೋನು. ಅಳುತ್ತಿದ್ದಳು. "ಅಣ್ಣನ ಮೀನು ಮೇಲೆ ಬಂದು ಬಾಯಿ ಬಿಡ್ತಾ ಇವೆ ಅತ್ತಿಗೆ. ಬೇಗ ಬಾ."

ಆಟೋದಲ್ಲಿ ಹೋದೆ. ಟಬ್ಬು ಫಳಫಳ ಹೊಳೆಯುತ್ತಿತ್ತು.

"ಫಿಲ್ಟರಿನ ಸ್ಪಂಜು?"

"ಎಷ್ಟು ಕೊಳಕಾಗಿತ್ತು! ಬಿಸಿನೀರಲ್ಲಿ ಚೆನ್ನಾಗಿ ತೊಳೆದೆ."

ನಗು ಬಂತು. ಅಳುವೂ ಬಂತು. ಬೈಯಲು ನನಗೆ ಯಾವ ಬಾಯಿ? ಅರ್ಧ ನೀರು ಬದಲಿಸಿದೆ. ಮೀನಪ್ಪನ ಸಿಹಿನೀರಿನ ತೊಟ್ಟಿಯಿಂದ ಕೊಳಕು ಸ್ಪಂಜು ತರಿಸಿ ಟಬ್ಬಿಗೆ ಹಾಕಿದೆ. ನೀರು ಬೇಗ ಕೆಡದಿರಲಿ ಎಂದು ಎರಡು ದಿನ ಮೇವು ಬಂದ್ ಮಾಡಿಸಿದೆ.

"ವಾಪಸ್ ಅಣ್ಣನ ತೊಟ್ಟಿಗೇ ಬಿಟ್ಟುಬಿಡು ಅತ್ತಿಗೆ. ಆ ಉಪ್ಪುನೀರು ಚೆಲ್ಲು. ಕೈ ಮುಗಿತೀನಿ."

ಒಂದು ಗಳಿಗೆ ಮನಸ್ಸು ಜಾರಿತು. ಅಷ್ಟು ಸಲೀಸು. ಕೊಳೆತ ನೀರು ಹೋಗುತ್ತದೆ, ನನ್ನ ಸೋಲೂ ಯಾರಿಗೂ ಕಾಣದೆ ಮುಚ್ಚಿಹೋಗುತ್ತದೆ.

"ಆಗಲ್ಲ. ಇವು ಇಲ್ಲೇ ಬದುಕ್ತವೆ. ನಿನ್ನ ಕೈಯಲ್ಲೇ. ದಿನಾ ಬಂದು ತೋರಿಸಿಕೊಡ್ತೀನಿ, ಕಲಿ. ಆ ಸ್ಪಂಜು ಮಾತ್ರ ಮುಟ್ಟಬೇಡ. ಆ ಕೊಳೆಯೇ ಇವನ್ನ ಕಾಯೋದು."

ಆಗಸ್ಟ್ 6

ಅವಳ ಮೀನುಗಳೆಲ್ಲ ಹುಷಾರು. ಅವಳಿಗಂತೂ ಈಗ ಸ್ಪಂಜಿನ ಮೇಲೆ ಭಕ್ತಿ. ಯಾರೂ ಮುಟ್ಟಕೂಡದು ಎಂದು ಮನೆಯವರಿಗೆಲ್ಲ ತಾಕೀತು.

ಆಗಸ್ಟ್ 22

ಇವತ್ತೂ ಹಸಿರು. ಮೊದಲಿಗಿಂತ ತಿಳಿ, ಆದರೂ ಹಸಿರೇ. ಮೀನಪ್ಪ ಉಪಾಯ ಹೇಳಿದ—

"ಒಂದು ಗಟ್ಟಿ ಮೀನು ಕೊಡ್ತೀನಿ. ಭಾನುವಾರ ಅವರಿಗೆ ತೋರಿಸಿ. ಸೋಮವಾರ ಏನಾದ್ರೆ ಏನು?"

ಮೀನನ್ನು ನೋಡಿದೆ. ಕಿತ್ತಳೆ ಮೈ, ಬಿಳಿ ಪಟ್ಟೆ. ಗಾಜಿಗೆ ಮೂತಿ ಒತ್ತಿಕೊಂಡು ನನ್ನನ್ನೇ ನೋಡಿತು. ಬೇಡ ಎಂದೆ. ಬದುಕಿಸುತ್ತೇನೆಂದು ತೋರಿಸಲು ಒಂದನ್ನು ಕೊಲ್ಲುವುದೆ? ಸೋಲುವುದಾದರೆ ತಲೆಯೆತ್ತಿಕೊಂಡೇ ಸೋಲುತ್ತೇನೆ.

ಆಗಸ್ಟ್, ಕೊನೆಯ ಭಾನುವಾರ

ನಾದಿನಿ ವ್ಯಾನು ತಂದಿದ್ದಳು. ಡ್ರೈವರ್ ಹಗ್ಗ ಹಿಡಿದು ಚಪ್ಪಲಿ ಸ್ಟ್ಯಾಂಡಿನ ಹತ್ತಿರ ನಿಂತಿದ್ದ.

"ಮೀನು ಎಲ್ಲಿ?"

"ಇಲ್ಲ. ನೀರು ಇನ್ನೂ ಹದಕ್ಕೆ ಬಂದಿಲ್ಲ. ನೀನು ಗೆದ್ದೆ, ಎತ್ಕೊಂಡು ಹೋಗು. ಆದ್ರೆ ಒಂದು ಮಾತು. ನೀರು ನಾನು ಚೆಲ್ಲಲ್ಲ. ಇಷ್ಟು ವರ್ಷ ಹೊತ್ತಿದ್ದು ಸಾಕು. ನೀನೇ ಚೆಲ್ಲು."

ಬಕೆಟ್ಟು ಅವಳ ಕೈಗೆ ಕೊಟ್ಟೆ. ಅವಳು ತೊಟ್ಟಿಯ ಹತ್ತಿರ ಬಗ್ಗಿದಳು. ಬಗ್ಗಿದವಳು ಹಾಗೇ ನಿಂತಳು.

"ಅತ್ತಿಗೆ... ಗಾಜಿನ ಮೇಲೆ ಏನೋ ಹರಿದಾಡ್ತಾ ಇದೆ. ಹೇನಾ?"

ಕನ್ನಡಕ ಹುಡುಕಿ ಬಂದು ನೋಡಿದೆ. ಬಿಳಿ ಚುಕ್ಕೆಗಳು. ಸಾಸಿವೆಗಿಂತ ಸಣ್ಣ. ಒಂದು ನಿಲ್ಲುತ್ತದೆ, ಟಕ್ಕೆಂದು ಹಾರುತ್ತದೆ. ಕುದಿಸಿದ ಕಲ್ಲಿನ ಮೇಲೂ. ಲೆಕ್ಕವಿಲ್ಲದಷ್ಟು ಜೀವ, ಆ ಮುಷ್ಟಿ ಕಲ್ಲಿನಿಂದ ಹರಡಿದ್ದು. ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

"ಇವೆಲ್ಲಾ ನೀನು ಸಾಕಿದ್ದಾ?"

"ಹೂಂ. ನಾನೇ. ಈ ಕೈಯಲ್ಲೇ."

ಅವಳು ಬಕೆಟ್ಟು ಕೆಳಗಿಟ್ಟಳು. ಡ್ರೈವರಿಗೆ ಹೋಗಪ್ಪ ಎಂದಳು. ಬಂದು ಪಕ್ಕದಲ್ಲಿ ಕೂತಳು.

"ಅಣ್ಣ ಆ ಮಾತು ಆಡಬಾರದಿತ್ತು ಅತ್ತಿಗೆ. ಆಡಿದಾಗೆಲ್ಲ ನಾನೂ ನಗ್ತಿದ್ದೆ."

"ಗೊತ್ತು. ಕೇಳಿಸ್ತಿತ್ತು."

ಸಮಾಧಾನದ ಮಾತು ಹೇಳಬಹುದಿತ್ತು. ಹೇಳಲಿಲ್ಲ. ಕೇಳಿಸ್ತಿತ್ತು ಎಂಬುದು ಅವಳಿಗೆ ಗೊತ್ತಿರಲಿ. ಎದ್ದು ಹೋಗಿ ಕಾಫಿ ಮಾಡಿದೆ, ಇಬ್ಬರಿಗೂ.

ಸೆಪ್ಟೆಂಬರ್ 19

ಹಳದಿ.

ಸೆಪ್ಟೆಂಬರ್ 20

ಮತ್ತೆ ನೋಡಿದೆ. ಹಳದಿಯೇ. ಅಪ್ಪಟ ಹಳದಿ.

ಸೆಪ್ಟೆಂಬರ್ 21, ಸಂಜೆ

ಅದೇ ಕಿತ್ತಳೆ ಮೀನು. ಇನ್ನೂ ಮಾರಾಟವಾಗಿರಲಿಲ್ಲ. ಮೀನಪ್ಪ ಎತ್ತಿಟ್ಟಿದ್ದನೋ ಏನೋ, ಕೇಳಿದರೆ ಬಾಯಿ ತೆರೆದು ಮುಚ್ಚಿದ. ಮೀನು ಬಂದ ಚೀಲದ ನೀರಿಗೆ ನಮ್ಮ ತೊಟ್ಟಿಯ ನೀರು ಸ್ವಲ್ಪ ಸ್ವಲ್ಪವೇ ಬೆರೆಸಿ ಒಗ್ಗಿಸಿದ್ದಾಯಿತು. ಈಗ ಚೀಲ ತೊಟ್ಟಿಯಲ್ಲಿ ತೇಲುತ್ತಿದೆ. ನಾದಿನಿ ಸ್ಟೂಲು ಹಾಕಿಕೊಂಡು ಕಾವಲು ಕೂತಿದ್ದಾಳೆ. ಕಾಯುವಾಗ ಕೈ ಸುಮ್ಮನಿರದೆ ಇದನ್ನು ಬರೆಯುತ್ತಿದ್ದೇನೆ.

ಕೈ ತೊಳೆದುಕೊಂಡೆ. ಜೀವಮಾನದಲ್ಲೇ ಮೊದಲ ಸಲ, ಸೋಪಿಲ್ಲದೆ.

ನಾದಿನಿ ಕೂಗುತ್ತಿದ್ದಾಳೆ— "ಬಾ ಅತ್ತಿಗೆ, ಬಿಚ್ಚು! ಬೇರೆ ಯಾರೂ ಬಿಡೋದು ಬೇಡ, ನಿನ್ನ ಕೈಯಿಂದಲೇ—"