ಕೌದಿಯ ಕೆಂಪು ತೇಪೆ

ಕ್ಯಾಂಪು, ದಕ್ಷಿಣ ಸುಡಾನ್

ಅಬ್ಬಿಗೇರಿಯ ನನ್ನ ಅವ್ವನಿಗೆ ಫಕೀರೇಶನ ನಮಸ್ಕಾರ.

ಫೋನಿನಲ್ಲಿ ಹೇಳಿದರೆ ನೀನು ಪೂರ್ತಿ ಕೇಳುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಾನು ಆರಾಮ ಇದ್ದೇನೆ. ಇಲ್ಲಿಯದೂ ನಮ್ಮೂರಿನಂಥ ಎರೆಮಣ್ಣು. ಮಳೆ ಬಿದ್ದರೆ ನಮ್ಮ ಶಾಂತಿಪಡೆಯ ಗಾಡಿ ಹೂತುಬಿಡುತ್ತದೆ, ಎಲ್ಲರೂ ಇಳಿದು ನೂಕುತ್ತೇವೆ. ಹೋದ ವಾರ ಹಾಗೆ ನೂಕುತ್ತಿದ್ದಾಗ, ನನ್ನ ಸೀಟಿನ ಮೇಲೆ ಹಾಸಿದ್ದ ನಿನ್ನ ಕೌದಿಗೆ ತೂತು ಬಿತ್ತು. ಸೀಟು ಖಾಲಿ ಇತ್ತು. ಹೆಚ್ಚಿಗೆ ಕೇಳಬೇಡ.

ಈ ಯುದ್ಧದಲ್ಲಿ ಊರು ಬಿಟ್ಟವರು ನಮ್ಮ ಕ್ಯಾಂಪಿನ ಪಕ್ಕದಲ್ಲೇ ಇದ್ದಾರೆ. ಒಣಹಾಕಿದ್ದ ಕೌದಿಯನ್ನು ಅಲ್ಲಿಯ ಒಬ್ಬ ಅಜ್ಜಿ ಮುಟ್ಟಿ ಮುಟ್ಟಿ ನೋಡಿದಳು. ಅವಳೂ ನಿನ್ನ ಹಾಗೆ ಹೊಲಿಯುವವಳು. ಇವೆಲ್ಲ ಯಾರ ಬಟ್ಟೆ ಎಂದು ದುಭಾಷಿಯಿಂದ ಕೇಳಿಸಿದಳು. ನಿನ್ನ ಸೀರೆ, ತಂಗಿ ಅನಿತಾಳ ಲಂಗ ಎಂದು ತೋರಿಸಿದೆ. ತೂತು ಬಿದ್ದದ್ದು ತೀರಿಹೋದ ಅಪ್ಪನ ಧೋತರದ ತುಂಡಿಗೆ ಎಂದೂ ಹೇಳಿದೆ. ಅವಳು ಕೌದಿಯನ್ನು ಒಯ್ದು, ಮರುದಿನ ಕೆಂಪು ತೇಪೆ ಹಾಕಿ ತಂದುಕೊಟ್ಟಳು. ಅವಳ ಮಗನ ಅಂಗಿಯದಂತೆ. ಮಗ ಎಲ್ಲಿ ಎಂದು ನಾನು ಕೇಳಲಿಲ್ಲ.

ಮುಂದಿನ ತಿಂಗಳು ರಜೆಗೆ ಬರುವಾಗ ಕೌದಿ ತರುತ್ತೇನೆ. "ಮನೀ ಮಂದಿ ಅರಿವಿ ಬಿಟ್ಟು ಬ್ಯಾರೇದು ಕೌದಿಗೆ ಹಚ್ಚಬಾರ್ದೋ" ಎಂದು ನೀನು ಅಂದೇ ಅನ್ನುತ್ತೀ. ಅನ್ನು, ಆದರೆ ಆ ತೇಪೆ ಬಿಚ್ಚಬೇಡ. ಒಗೆಯುವಾಗ ಅದರ ಕೆಂಪು ಅಪ್ಪನ ಬಿಳಿ ಧೋತರಕ್ಕೆ ಹತ್ತಿದರೆ ಹತ್ತಲಿ.

ನಿನ್ನ ಮಗ,
ಫಕೀರೇಶ