ಒಂಬತ್ತನೇ ಬಾಗಿಲು

ಜನವರಿ 8, ಬೆಳಿಗ್ಗೆ 7

ಇವತ್ತೂ ಬಿಸಿನೀರಿಲ್ಲ. ತಣ್ಣೀರಲ್ಲೇ ಗಡ್ಡ ಹೆರೆದುಕೊಂಡೆ, ಎರಡು ಕಡೆ ಕುಯ್ದಿತು. ದ್ವೀಪಕ್ಕೆ ಬಂದು ಮೂರೇ ದಿನ — ಇಲ್ಲಿನ ಸಮುದ್ರ ಆಗಲೇ ನನ್ನ ಮಾತು ಕೇಳತೊಡಗಿದೆ. ನಿನ್ನೆ ಸಂಜೆ ದಂಡೆಯಲ್ಲಿ ನಿಂತು ‘ಸಾಕು, ಹಿಂದೆ ಸರಿ’ ಎಂದೆ. ಸರಿಯಿತು. ಲಾಡ್ಜಿನಮ್ಮ ಇದಕ್ಕೆ ಇಳಿತ ಎನ್ನುತ್ತಾಳೆ. ಓದಿದವರ ಹೊಟ್ಟೆಕಿಚ್ಚು.

ಚಳಿಗಾಲದಲ್ಲಿ ಇಲ್ಲಿಗೆ ನಾಯಿಯೂ ಬರುವುದಿಲ್ಲ. ತೆರೆದಿರುವುದು ಇದೊಂದೇ ಲಾಡ್ಜು, ನಾನೊಬ್ಬನೇ ಗಿರಾಕಿ. ಊಟದ ಹಾಲಿನಲ್ಲಿ ಕುರ್ಚಿಗಳೆಲ್ಲ ಮೇಜಿನ ಮೇಲೆ ತಲೆಕೆಳಗು. ನನಗೆಂದು ಒಂದನ್ನು ಇಳಿಸಿಕೊಟ್ಟಿದ್ದಾಳೆ. ಐಸ್‌ಕ್ರೀಮ್ ಅಂಗಡಿಗೆ ಟಾರ್ಪಾಲು. ಈಜುಕೊಳದ ತುಂಬ ಮರಳು. ಫೆರಿ ಮಂಗಳವಾರ, ಶುಕ್ರವಾರ ಮಾತ್ರ.

ಕೆಲಸ ಸುಲಭದ್ದು. ಉತ್ತರದ ತುದಿಯ ರಿಸಾರ್ಟಿನಲ್ಲಿ ಒಂಬತ್ತನೇ ನಂಬರಿನ ರೂಮು ನನ್ನದು. ಎರಡು ವರ್ಷದ ಹಿಂದೆ ಫೋಟೋ ನೋಡಿ ಕೊಂಡದ್ದು, ಬೀಗದ ಕೈ ಅಂಚೆಯಲ್ಲಿ ಬಂದಿತ್ತು. ಅದನ್ನು ಮಾರಿ ಇಪ್ಪತ್ತನೇ ತಾರೀಖಿನೊಳಗೆ ಅಕ್ಕನ ಮಗಳ ಕೈಗೆ ದುಡ್ಡು ಕೊಡಬೇಕು. ಬೇಕರಿ ಹಾಕುತ್ತಿದ್ದಾಳೆ. ದುಡ್ಡು ಅವಳದೇ. ಅವಳಪ್ಪ — ನಮ್ಮ ಭಾವ — ಸಾಯುವ ಮುಂಚೆ ನನ್ನ ಹತ್ತಿರ ಇಟ್ಟದ್ದು. ನಾನು ಬೆಳೆಸಲು ಹೋದೆ, ಅಷ್ಟೇ.

ರೂಮು ಇನ್ನೂ ನೋಡಿಲ್ಲ. ಮಂಜು, ಅದಕ್ಕೆ. ಹೆದರಿಕೆಯಿಂದಲ್ಲ.

ಸಂಜೆ 4

ನೋಡಿದೆ.

ಹನ್ನೊಂದು ಬಾಗಿಲು. ಸಿಮೆಂಟಿನ ಕಟ್ಟೆಯ ಮೇಲೆ ಸಾಲಾಗಿ, ಚೌಕಟ್ಟು ಸಮೇತ, ಹಿತ್ತಾಳೆಯ ನಂಬರು ಸಮೇತ. ಹಿಂದೆ ಏನೂ ಇಲ್ಲ. ಸೂರಿಲ್ಲ, ನೆಲವಿಲ್ಲ, ಮಂಚವಿಲ್ಲ. ಎದುರಿಗೆ ಮಾತ್ರ ಪ್ಲೈವುಡ್ಡಿನ ಗೋಡೆ ನಿಲ್ಲಿಸಿ ಕಿಟಕಿ, ಕಂಬಿ ಎಲ್ಲ ಬಣ್ಣದಲ್ಲೇ ಬರೆದಿದ್ದರು. ಅದೂ ಗಾಳಿಗೆ ಹೋಗಿ ಈಗ ಎಂಟು, ಒಂಬತ್ತು, ಹತ್ತಕ್ಕೆ ಮಾತ್ರ ಉಳಿದಿದೆ. ಫೋಟೋ ಎಲ್ಲಿ ನಿಂತು ತೆಗೆದರೆಂಬುದೂ ಗೊತ್ತಾಯಿತು. ಅಲ್ಲೇ ನಿಂತಿದ್ದೆ.

ಬೀಗದ ಕೈ ಹಾಕಿದೆ. ತಿರುಗಿತು! ಬಾಗಿಲು ತೆರೆದರೆ ಮರಳು, ನೀರು. ದಾಟಿದೆ. ಒಳಗೆ ಹೋದೆನೋ ಹೊರಗೆ ಬಂದೆನೋ... ವಾಪಸು ಬಂದು ಮತ್ತೆ ಬೀಗ ಹಾಕಿದೆ. ಯಾಕೆ ಹಾಕಿದೆ?

“ಎಲ್ಲರೂ ಹಾಕ್ತಾರೆ,” ಎಂದಳು ಲಾಡ್ಜಿನಮ್ಮ. “ಪ್ರತಿ ಚಳಿಗಾಲಕ್ಕೆ ಒಬ್ರೋ ಇಬ್ರೋ ಮಾಲೀಕರು ಬರ್ತಾರೆ. ಸೀಸನ್ನಲ್ಲಿ ಬರಲ್ಲ, ನಾಚಿಕೆ. ನೋಡ್ತಾರೆ, ಬೀಗ ಹಾಕ್ತಾರೆ, ಬಂದು ಟೀ ಕುಡೀತಾರೆ. ಸಕ್ಕರೆ ಎಷ್ಟು ಹಾಕ್ಲಿ?”

ಹೋದದ್ದು ಐವತ್ತು ಸಾವಿರ. ಉಳಿದದ್ದು ಬ್ಯಾಂಕಿನಲ್ಲಿ ಭದ್ರವಾಗಿದೆ. ಬರೆದಿಟ್ಟಿರುತ್ತೇನೆ.

ಜನವರಿ 9, ಮಧ್ಯಾಹ್ನ

ಫೆರಿ ಬಂತು, ಹೋಯಿತು. ನಾನು ಹತ್ತಲಿಲ್ಲ. ಬಾಗಿಲಿನ ಹತ್ತಿರ ಹೋಗಿ ಕೂತೆ. ಗಾಳಿ ಇರಲಿಲ್ಲ, ಇದನ್ನು ಖಂಡಿತ ಬರೆಯಬೇಕು — ಒಂದೆಳೆ ಗಾಳಿಯೂ ಇರಲಿಲ್ಲ.

ಒಳಗಿನಿಂದ ಯಾರೋ ತಟ್ಟಿದರು. ಟಕ್ ಟಕ್. ಆಮೇಲೆ ಸ್ವಲ್ಪ ತಡೆದು — ಟಕ್.

ಹಾಗೆ ತಟ್ಟುತ್ತಿದ್ದವನು ಒಬ್ಬನೇ. ಭಾವ ಕರೆಂಟ್ ಮೀಟರ್ ರೀಡರ್. ಮೂವತ್ತು ವರ್ಷ ಕಂಡವರ ಬಾಗಿಲು ತಟ್ಟಿ ತಟ್ಟಿ ತನ್ನ ಮನೆಯ ತೆರೆದ ಬಾಗಿಲನ್ನೂ ಹಾಗೇ ತಟ್ಟಿ ಒಳಗೆ ಬರುತ್ತಿದ್ದ. “ಯಾರ್ರೀ ಅದು, ಮೀಟರ್ ನೋಡೋಕಾ?” ಎಂದು ಅಕ್ಕ ಅಡಿಗೆಮನೆಯಿಂದಲೇ ಕೂಗುತ್ತಿದ್ದಳು. ಕೊನೆಗೆ ಆಸ್ಪತ್ರೆಯಲ್ಲಿ ಮಾತು ನಿಂತ ಮೇಲೆ ನೀರು ಬೇಕಾದರೂ ಮಂಚದ ಕಬ್ಬಿಣಕ್ಕೆ ಅದೇ — ಟಕ್ ಟಕ್, ಟಕ್.

ಸುತ್ತಿ ಹೋಗಿ ಹಿಂದೆ ನೋಡಿದೆ. ಮರಳು ಹಾಸಿಗೆಯ ಹಾಗೆ ನುಣ್ಣಗಿತ್ತು. ಒಂದು ಹೆಜ್ಜೆಯಿಲ್ಲ.

ಓಡಲಿಲ್ಲ. ಚುರುಕಾಗಿ ನಡೆದೆ. ಒಂದು ಚಪ್ಪಲಿ ಬಾಗಿಲ ಈಚೆ, ಕಟ್ಟೆಯ ಮುಂದೆಯೇ ಉಳಿಯಿತು.

“ತಟ್ಟಿತಾ?” ಎಂದಳು ಲಾಡ್ಜಿನಮ್ಮ, ನನ್ನ ಕಾಲು ನೋಡಿ. “ಆರನೇ ನಂಬರಿನ ಮಾಲೀಕರು ತೀರಿಹೋದ ತಾಯಿ ಒಳಗಡೆ ಕೆಮ್ತಾರೆ ಅಂದ್ರು. ಸೀಸನ್ನಲ್ಲಿ ಜನದ ಗದ್ದಲಕ್ಕೆ ಏನೂ ಕೇಳ್ಸಲ್ಲ.”

ಜನವರಿ 11

ಅಕ್ಕನ ಮಗಳ ಫೋನು.

“ಏನ್ ಮಾವ, ಸಾಹುಕಾರ್ರು ರಿಸಾರ್ಟಲ್ಲಿ ಮಜಾ ಮಾಡ್ತಿದ್ದೀರಾ?”

“ಮಜಾ ಎಲ್ಲಿ ಬಂತೇ? ಮಾಲೀಕನಿಗೆ ರಜೆ ಅಂತ ಇರುತ್ತಾ? ಆಳುಗಳನ್ನ ಬೈದು ಬೈದು ಗಂಟಲು ಕಟ್ಟಿದೆ.”

“ಇಪ್ಪತ್ತನೇ ತಾರೀಖು ಮರೀಬೇಡ. ಓವನ್ ಬರುತ್ತೆ. ದುಡ್ಡು ಕೊಡದಿದ್ರೆ ಅಂಗಡೀನೂ ಬೇರೆಯವ್ರಿಗೆ ಕೊಟ್ಬಿಡ್ತಾರೆ. ಅಪ್ಪ ಇದ್ದಿದ್ರೆ ಓವನ್ನು ಎಷ್ಟು ಯೂನಿಟ್ ಎಳೆಯುತ್ತೆ ಅಂತ ಮೀಟರ್ ಮುಂದೇನೇ ಕೂತಿರ್ತಿದ್ರು, ಅಲ್ವಾ ಮಾವ?”

ಸಿಗ್ನಲ್ ಇಲ್ಲ ಎಂದು ಫೋನು ಕಟ್ ಮಾಡಿದೆ. ಸಿಗ್ನಲ್ ನಾಲ್ಕು ಕಡ್ಡಿ ಇತ್ತು.

ಸರಿ, ಒಂದು ಲಕ್ಷ ಎಂದಿಟ್ಟುಕೊಳ್ಳೋಣ. ಹೆಚ್ಚಿಲ್ಲ.

ಜನವರಿ 13, ಸಂಜೆ

ಫೆರಿಯಲ್ಲಿ ಒಬ್ಬ ಇಳಿದ. ಟೈಲರ್. ಕೊರಳಲ್ಲಿ ಟೇಪು ಹಾಗೇ ಇದೆ, ತೆಗೆಯಲು ಮರೆತನಂತೆ. ಲಾಡ್ಜಿನಮ್ಮ ಇನ್ನೊಂದು ಕುರ್ಚಿ ಇಳಿಸಿದಳು.

“ನಮ್ಮನೆಯವ್ಳಿಗೆ ಎದೆ ಸರಿಯಿಲ್ಲ,” ಎಂದ. “ಡಾಕ್ಟ್ರು ಸಮುದ್ರದ ಗಾಳಿ ಬೇಕು ಅಂದ್ರು. ಸೀಸನ್ ಇಲ್ಲದಾಗ ಬಂದ್ರೆ ಸಣ್ಣದೊಂದು ರೂಮು ಅಗ್ಗಕ್ಕೆ ಸಿಗಬಹುದು ಅಂತ...”

ನನ್ನ ಬಾಯಿ ನನ್ನನ್ನು ಕೇಳದೆ ಹೇಳಿತು: “ನನ್ನದೊಂದಿದೆ. ಕಡಲಿಗೆ ಮುಖ.”

ಲಾಡ್ಜಿನಮ್ಮ ಟೀ ಸೋಸುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು. ಅವಳ ಮುಂದೆ ಇಂಥದ್ದು ಇದೇ ಮೊದಲಲ್ಲವೆನ್ನಿಸಿತು.

ಜನವರಿ 14, ಬೆಳಿಗ್ಗೆ 11

ಈಗಲೇ ಬರೆದುಬಿಡುತ್ತೇನೆ.

ಮಂಜು ಮಜ್ಜಿಗೆಯಷ್ಟು ದಟ್ಟ. ಅದಕ್ಕೇ ಬೇಗ ಕರೆದುಕೊಂಡು ಹೋದೆ. ಫೋಟೋ ತೆಗೆದ ಜಾಗದಲ್ಲೇ ನಿಲ್ಲಿಸಿದೆ. ಪ್ಲೈವುಡ್ ಗೋಡೆ, ಬರೆದ ಕಿಟಕಿ, ಒಂಬತ್ತನೇ ನಂಬರು. ಅದರಾಚೆ ಬರೀ ಬಿಳುಪು. ಟೈಲರ್ ಮುಖ ಅರಳಿತು. ಟೇಪು ಬಿಚ್ಚಿದ.

“ಕಿಟಕಿ ಅಳತೆ ತಗೋತೀನಿ. ಪರದೆ ನಾನೇ ಹೊಲೀತೀನಿ. ಅವ್ಳಿಗೆ ನೀಲಿ ಇಷ್ಟ.”

“ಮುಟ್ಟಬೇಡ್ರೀ!” ಎಂದೆ. “ಬಣ್ಣ ಹಸಿ ಇದೆ.”

ಇಷ್ಟು ಚುರುಕಾಗಿ ಸುಳ್ಳು ಹೇಳಿದ್ದಕ್ಕೆ ಒಂದು ಕ್ಷಣ ಹೆಮ್ಮೆಯೂ ಆಯಿತು. ಅವನು ಕೋಟಿನ ಒಳಜೇಬಿನಿಂದ ಕವರು ತೆಗೆದ. ಸೂಜಿದಾರದಲ್ಲಿ ಹೊಲಿದು ಮುಚ್ಚಿದ ಕವರು. ಹಲ್ಲಿನಿಂದ ದಾರ ಕಡಿದ. ನಾನು ಕೈ ಚಾಚಿದೆ.

ಟಕ್ ಟಕ್.

ಟಕ್.

“ಒಳಗೆ ಯಾರೋ ಇದಾರಲ್ರೀ?” ಎಂದ ಟೈಲರ್.

ಅವನಿಗೂ ಕೇಳಿಸಿತು. ಅವನಿಗೂ! ಇಷ್ಟು ದಿನ ನನ್ನ ತಲೆ ಕೆಟ್ಟಿದೆ ಎಂದು ಸಮಾಧಾನ ಮಾಡಿಕೊಂಡಿದ್ದೆ. ಅದೂ ಹೋಯಿತು.

“ನಮ್ಮ ಭಾವ,” ಎಂದೆ.

“ಮತ್ತೆ ತೆಗೀರಿ. ಪಾಪ, ಚಳೀಲಿ...”

ತೆಗೆದೆ. ಬಾಗಿಲಲ್ಲಿ ಯಾರೂ ಇರಲಿಲ್ಲ. ಮರಳು, ನೀರು. ಹೊಸ್ತಿಲ ಆಚೆ ನನ್ನ ಚಪ್ಪಲಿ — ನೆಟ್ಟಗೆ, ಮನೆ ಬಾಗಿಲಲ್ಲಿ ಬಿಟ್ಟ ಹಾಗೆ ಇಟ್ಟಿತ್ತು. ನಾನು ಬಿಟ್ಟು ಓಡಿದ್ದು ಈಚೆ ಕಡೆ.

ಟೈಲರ್ ಬಗ್ಗಿ ನೋಡಿದ. ಗೋಡೆಯ ಅಂಚು ಹಿಡಿದು ದಪ್ಪ ನೋಡಿದ, ಎರಡು ಬೆರಳು. ಕವರನ್ನು ಒಳಗಿಟ್ಟು ಜೇಬು ಒತ್ತಿಕೊಂಡ. ಟೇಪು ಸುತ್ತುತ್ತ ಕೇಳಿದ: “ನಿಮ್ಮ ಭಾವ ತಟ್ಟದೇ ಇದ್ದಿದ್ರೆ?”

“ತಗೋತಿದ್ದೆ,” ಎಂದೆ. ಈ ದ್ವೀಪದಲ್ಲಿ ನಾನು ಆಡಿದ ಮೊದಲ ನಿಜ.

ಜನವರಿ 15

ಮೂರು ಜನ, ಒಂದು ಲಾಡ್ಜು, ನಾಳೆವರೆಗೂ ಫೆರಿಯಿಲ್ಲ. ಟೈಲರ್ ತನ್ನ ಕುರ್ಚಿಯನ್ನು ಹಾಲಿನ ಆ ತುದಿಗೆ ಎತ್ತಿಕೊಂಡು ಹೋದ. ಊಟ ಮಾಡುವಾಗ ಅವನ ಚಮಚದ ಸದ್ದು, ನನ್ನ ಚಮಚದ ಸದ್ದು, ಅಷ್ಟೇ.

ಬೀಗದ ಕೈ ಲಾಡ್ಜಿನಮ್ಮನಿಗೆ ಕೊಟ್ಟೆ. ಡ್ರಾಯರ್ ಎಳೆದಳು. ಒಳಗೆ ಅಂಥವೇ ಏಳೆಂಟು.

“ಯಾರೂ ಮನೆಗೆ ತಗೊಂಡು ಹೋಗಲ್ಲ,” ಎಂದಳು.

ಜನವರಿ 16, ಬೆಳಿಗ್ಗೆ 9, ಫೆರಿ ನಿಲ್ಲುವ ಧಕ್ಕೆ

ಫೆರಿ ಇನ್ನೂ ಕಾಣುತ್ತಿಲ್ಲ. ಟೈಲರ್ ಆಚೆ ಬೆಂಚಿನಲ್ಲಿ ನನಗೆ ಬೆನ್ನು ಹಾಕಿ ಕೂತಿದ್ದಾನೆ. ಸಮುದ್ರ ಯಾರ ಮಾತನ್ನೂ ಕೇಳುತ್ತಿಲ್ಲ.

ಅವಳಿಗೆ ಫೋನು ಮಾಡಿದೆ. “ದುಡ್ಡು ಹೋಯ್ತು ಕಣೇ” ಎಂದೆ. ಅಳಲಿಲ್ಲ, ಬೈಯಲಿಲ್ಲ. “ಎಷ್ಟು ಮಾವ? ಸರಿಯಾಗಿ ಹೇಳು, ಉಳಿದಿರೋದ್ರಲ್ಲಿ ಏನಾದ್ರೂ ಮಾಡ್ತೀನಿ” ಎಂದಳು. ಬಾಯಿ ತೆರೆದೆ — ಐವತ್ತು ಸಾವಿರ ನಾಲಿಗೆಯ ತುದಿಗೆ ಬಂದು ಕೂತಿತ್ತು. ಹತ್ತು ನಿಮಿಷ ಬಿಟ್ಟು ಮಾಡುತ್ತೇನೆ ಎಂದು ಇಟ್ಟೆ. ಬಾಯಿಯನ್ನು ನಂಬುವಂತಿಲ್ಲ. ಇಲ್ಲಿ ಬರೆದುಕೊಂಡು, ನೋಡಿ ಓದುತ್ತೇನೆ.

ಒಂದು ಲಕ್ಷ — ಹೊಡೆದು ಹಾಕಿದೆ.

ಎರಡೂವರೆ — ಅದನ್ನೂ.

ಕೂತ ಹಲಗೆಯ ಅಡಿಯಲ್ಲಿ ಟಕ್ ಟಕ್ ಎಂದಿತು. ಇನ್ನೊಂದಕ್ಕೆ ಕಾದೆ. ಬಂತು.

ಬರೆಯುತ್ತಿದ್ದೇನೆ ಭಾವ, ಬರೆಯುತ್ತಿದ್ದೇನೆ.

ಬಿಲ್ಲು ಕಡಿಮೆ ಬರೀರಿ ಎಂದು ಜನ ಎಷ್ಟು ಕಾಲು ಹಿಡಿದರೂ ಭಾವ ಜಗಳ ಆಡುತ್ತಿರಲಿಲ್ಲ. ಟಾರ್ಚು ಬಿಟ್ಟು, ಕತ್ತು ಓರೆ ಮಾಡಿ, ಮೀಟರಿನಲ್ಲಿ ಇದ್ದದ್ದನ್ನು ಇದ್ದ ಹಾಗೆ, ಎಡಗಡೆಯಿಂದ ಒಂದೊಂದೇ ಅಂಕಿ ಜೋರಾಗಿ ಓದುತ್ತಿದ್ದ. ಬ್ಯಾಂಕಿನಲ್ಲಿ ಏನೂ ಉಳಿದಿಲ್ಲ. ಅವನು ಕೊಟ್ಟದ್ದು ಅಷ್ಟೂ ಹೋಯಿತು.

ನಾಲ್ಕು. ಏಳು. ಎರಡು. ಸೊನ್ನೆ. ಸೊನ್ನೆ. ಸೊನ್ನೆ.